ಸ್ಲೀಪ್‌ನಿಂದ ಎದ್ದ ಕಂಪ್ಯೂಟರ್, ಕಪ್ಪಾಗಿಯೇ ಉಳಿದ ಮಾನಿಟರ್

ಕಾರವಾರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಸ್ಲೀಪ್‌ನಿಂದ (ತೆರೆದ ಕೆಲಸವನ್ನು ಹಾಗೆಯೇ ಇಟ್ಟುಕೊಂಡು ವಿರಮಿಸುವ ಸ್ಥಿತಿಯಿಂದ) ಎದ್ದು ಫ್ಯಾನ್ ತಿರುಗತೊಡಗಿದರೂ ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಕಪ್ಪಾಗಿಬಿಡುತ್ತಿತ್ತು. ಇಂಥ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಉಳಿಸದ ಕೆಲಸವೆಲ್ಲ ಹೋಗುತ್ತದೆ; ಆದ್ದರಿಂದ ವಿಂಡೋಸ್ 10 ಅಥವಾ 11 ಇದ್ದವರು ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಪರದೆಯ ಚಿತ್ರವನ್ನು ನಿಭಾಯಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಗೊಂಡು, ಸಣ್ಣ ಬೀಪ್ ಶಬ್ದದೊಂದಿಗೆ ಪರದೆ ಮಿನುಗಿ, ತೆರೆದಿದ್ದ ಕಡತಗಳು ಸಾಮಾನ್ಯವಾಗಿ ಹಾಗೆಯೇ ಮರಳುತ್ತವೆ. ಡಿಸ್‌ಪ್ಲೇಪೋರ್ಟ್ ಕೇಬಲ್ (ಕಂಪ್ಯೂಟರನ್ನು ಮಾನಿಟರ್‌ಗೆ ಜೋಡಿಸುವ ಒಂದು ಬಗೆಯ ಕೇಬಲ್) ಬಳಸುವವರು ಮಾನಿಟರ್‌ನ ಮೆನುವಿನಲ್ಲಿ ‘ಡೀಪ್ ಸ್ಲೀಪ್’ ಆಯ್ಕೆಯಿದ್ದರೆ ಅದನ್ನು ನಿಲ್ಲಿಸಿ ನೋಡುವುದು ಒಳ್ಳೆಯದು, ಏಕೆಂದರೆ ಹಾಗೆ ಮಲಗಿದ ಮಾನಿಟರ್ ಸಂಪರ್ಕ ಕಡಿದುಕೊಂಡಂತೆ ಕಂಪ್ಯೂಟರಿಗೆ ಕಾಣುವುದುಂಟು. ನಮ್ಮಲ್ಲಿ ತೊಂದರೆ ನಿಂತದ್ದು ಇದರಿಂದಲೇ. ಕರಾವಳಿಯ ಉಪ್ಪುಗಾಳಿ ಲೋಹವನ್ನು ತಿನ್ನುವುದರಿಂದ ಕೇಬಲಿನ ತುದಿಯನ್ನೂ, ವಿಶೇಷವಾಗಿ ಮಳೆಗಾಲದಲ್ಲಿ, ಬಿಚ್ಚಿ ನೋಡಲೇಬೇಕು. ಹಸಿರು ಕಿಲುಬು ಕಂಡರೆ ಕೇಬಲ್ ಬದಲಿಸುವುದೇ ಮೇಲು.