ಎರಡು ವರ್ಷದ ಕಾಲೇಜು, ನಾಯಕತ್ವಕ್ಕೆ ಸಿಗುವುದು ಒಂದೇ ವರ್ಷ

ಕ್ಯಾಲಿಫೋರ್ನಿಯಾದಲ್ಲಿ 116 ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿವೆ. ಕನ್ನಡದ ಮನೆಗಳು ಹೆಚ್ಚಿರುವ ಕ್ಯುಪರ್ಟಿನೊದಲ್ಲಿ ಡಿ ಆನ್ಜಾ, ಫ್ರೀಮಾಂಟಿನಲ್ಲಿ ಓಲೋನಿ. ಮೊದಲ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಇಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿಗೋ ಡೇವಿಸ್‌ಗೋ ಟ್ರಾನ್ಸ್‌ಫರ್ ಆಗುವುದು ಇಲ್ಲಿನ ಮಾಮೂಲು ದಾರಿ. ಊರಿನಿಂದ ನೇರವಾಗಿ ಎಫ್‌-1 ವಿದ್ಯಾರ್ಥಿ ವೀಸಾದಲ್ಲಿ ಬರುವವರೂ ಇದ್ದಾರೆ, ಅಪ್ಪ ಅಮ್ಮನ ಜೊತೆ ಎಚ್‌-4 ಅವಲಂಬಿತ ವೀಸಾದಲ್ಲಿ ಬಂದು ಸೇರಿಕೊಳ್ಳುವವರೂ ಇದ್ದಾರೆ. ಯಾವ ಕೋರ್ಸು ತೆಗೆದುಕೊಳ್ಳಬೇಕು ಎಂದು ಹೇಳುವವರು ಬೇಕಾದಷ್ಟು ಜನ. ತರಗತಿಯ ಹೊರಗೆ ಏನಿದೆ ಎಂಬುದನ್ನು ಹೇಳುವವರು ಕಡಿಮೆ.

ಮೊದಲು ಕ್ಯಾಲೆಂಡರ್ ನೋಡಿ. ಸೆಮಿಸ್ಟರ್ ಕಾಲೇಜಾದರೆ ಆಗಸ್ಟ್ ಕೊನೆಗೆ, ಡಿ ಆನ್ಜಾದಂಥ ಕ್ವಾರ್ಟರ್ ಕಾಲೇಜಾದರೆ ಸೆಪ್ಟೆಂಬರ್ ಕೊನೆಗೆ ತರಗತಿ ಶುರು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಟ್ರಾನ್ಸ್‌ಫರ್ ಅರ್ಜಿ ಸಲ್ಲಿಸುವುದು ಮುಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಆರು ಕ್ಯಾಂಪಸ್ಸುಗಳು ಕೊಡುವ ಖಾತರಿ ಪ್ರವೇಶಕ್ಕೆ, ಅಂದರೆ 'ಟ್ಯಾಗ್'ಗೆ, ಅದಕ್ಕೂ ಮೊದಲೇ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಬೇಕು. ಹೆಸರಿಗೆ ಎರಡು ವರ್ಷ; ತರಗತಿಯ ಹೊರಗೆ ಮಾಡಿದ್ದನ್ನು ಅರ್ಜಿಯಲ್ಲಿ ಬರೆಯಲು ಕೈಯಲ್ಲಿರುವುದು ಹನ್ನೆರಡು ಹದಿಮೂರು ತಿಂಗಳು. 'ಮೊದಲ ವರ್ಷ ಹೊಂದಿಕೊಳ್ಳೋಣ, ಎರಡನೇ ವರ್ಷ ನೋಡೋಣ' ಅಂದುಕೊಂಡವರಿಗೆ ಎರಡನೇ ವರ್ಷ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಟರ್ಮ್ ಶುರುವಾದ ಕೆಲವೇ ವಾರಗಳಲ್ಲಿ 'ಕ್ಲಬ್ ಡೇ' ಅಥವಾ 'ಕ್ಲಬ್ ರಶ್' ನಡೆಯುತ್ತದೆ. ಮೈದಾನದಲ್ಲಿ ಮೇಜು ಹಾಕಿಕೊಂಡು ಒಂದೊಂದು ಕ್ಲಬ್ಬಿನವರೂ ಕರೆಯುತ್ತಾರೆ. ಹತ್ತು ಕಡೆ ಇಮೇಲ್ ಬರೆದುಕೊಟ್ಟು ಬರುವುದಕ್ಕಿಂತ ಎರಡೇ ಕಡೆ ಕೊಟ್ಟು, ಆ ಎರಡರ ಸಭೆಗೂ ಸತತವಾಗಿ ಹೋಗಿ. ಇಲ್ಲಿನ ಕ್ಲಬ್ಬುಗಳ ದೊಡ್ಡ ಕಾಯಿಲೆಯೆಂದರೆ ಜನ ನಿಲ್ಲುವುದಿಲ್ಲ: ಹಳಬರು ಟ್ರಾನ್ಸ್‌ಫರ್ ಆಗುತ್ತಾರೆ, ಉಳಿದವರು ಕೆಲಸದ ಶಿಫ್ಟು ಬದಲಾಯಿತೆಂದು ಕಾಣೆಯಾಗುತ್ತಾರೆ. ಹಾಗಾಗಿ ಮೂರು ತಿಂಗಳು ತಪ್ಪದೆ ಬಂದವರಿಗೆ ಖಜಾಂಚಿ ಕೆಲಸ ತಾನಾಗಿ ಬರುತ್ತದೆ.

ಹೊಸ ಕ್ಲಬ್ ಕಟ್ಟುವ ಆಸೆ ಇದ್ದರೆ ಬೇಕಾಗುವುದು ಒಬ್ಬ ಸಲಹೆಗಾರ (ಕಾಲೇಜಿನ ಅಧ್ಯಾಪಕರು ಅಥವಾ ಸಿಬ್ಬಂದಿ), ಲಿಖಿತ ನಿಯಮಾವಳಿ, ಕಾಲೇಜು ಗೊತ್ತುಪಡಿಸಿದಷ್ಟು ಸದಸ್ಯರ ಸಹಿ, ಮತ್ತು ಕ್ಲಬ್ಬುಗಳ ಒಕ್ಕೂಟದ ಸಭೆಗೆ ಹೋಗಲು ಒಬ್ಬ ಪ್ರತಿನಿಧಿ. ಈ ಕೊನೆಯದನ್ನು ಹಗುರವಾಗಿ ನೋಡಬೇಡಿ. ಪ್ರತಿನಿಧಿ ಸಭೆ ತಪ್ಪಿಸುತ್ತಾ ಹೋದರೆ ಕ್ಲಬ್ಬನ್ನು ನಿಷ್ಕ್ರಿಯ ಪಟ್ಟಿಗೆ ಸೇರಿಸಿ ಹಣ ತಡೆಹಿಡಿಯುವುದು ಸಾಮಾನ್ಯ. ಇನ್ನೊಂದು ಮಾತು: ದೀಪಾವಳಿ ಕಾರ್ಯಕ್ರಮಕ್ಕೆ ಮನೆಯಲ್ಲೇ ಬಿಸಿಬೇಳೆಬಾತ್ ಮಾಡಿ ತಂದು ಮಾರಬಹುದು ಎಂದು ಲೆಕ್ಕ ಹಾಕಬೇಡಿ, ಆಹಾರ ಮಾರಾಟಕ್ಕೆ ಕೌಂಟಿ ಆರೋಗ್ಯ ಇಲಾಖೆಯ ನಿಯಮಗಳಿವೆ. ಯಾವ ಆಹಾರಕ್ಕೆ ಅವಕಾಶವಿದೆ ಎಂದು ಸ್ಟೂಡೆಂಟ್ ಲೈಫ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನು ವಿದ್ಯಾರ್ಥಿ ಸಂಘ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳಾಗಿರುವುದರಿಂದ, ಅಲ್ಲಿಂದ ಬಂದವರಿಗೆ ನಾಯಕತ್ವ ಎಂದರೆ ಸಿ.ಆರ್. ಆಗುವುದು ಅಥವಾ ಫೆಸ್ಟ್ ನಡೆಸುವುದು. ಇಲ್ಲಿನದು ಬೇರೆ ಜಾತಿ. ರಾಜ್ಯದ ಕಾನೂನಿನ ಕಣ್ಣಿನಲ್ಲಿ ವಿದ್ಯಾರ್ಥಿ ಸಂಘವೂ ಒಂದು ಸಾರ್ವಜನಿಕ ಸಂಸ್ಥೆ. ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆಂದು ನಗರಸಭೆಗೆ ಅನ್ವಯಿಸುವ 1953ರ ಬ್ರೌನ್ ಕಾಯಿದೆಯೇ ಇದಕ್ಕೂ ಅನ್ವಯ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲು, ವಿಶೇಷ ಸಭೆಯದನ್ನು 24 ಗಂಟೆ ಮೊದಲು ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಾರ್ಯಸೂಚಿಯಲ್ಲಿಲ್ಲದ ವಿಷಯದ ಮೇಲೆ ನಿರ್ಣಯ ಮಾಡುವಂತಿಲ್ಲ. ಗುಪ್ತ ಮತದಾನ ಇಲ್ಲ. ಸಾರ್ವಜನಿಕರು ಎದ್ದು ನಿಂತು ಮಾತಾಡಲು ಸಮಯ ಇಡಲೇಬೇಕು.

ನಮ್ಮವರು ಎಡವುವುದು ವಾಟ್ಸ್ಯಾಪ್‌ನಲ್ಲಿ. 15 ಜನರ ಸೆನೆಟ್ (ವಿದ್ಯಾರ್ಥಿ ಸಂಘದ ಪ್ರತಿನಿಧಿ ಸಭೆ) ಎಂದುಕೊಳ್ಳಿ, ಬಹುಮತ 8. ಮುಂದಿನ ವಾರ ಮತಕ್ಕೆ ಬರುವ ಬಜೆಟ್ಟಿನ ಬಗ್ಗೆ ಎಂಟು ಸೆನೆಟರ್‌ಗಳು ಗ್ರೂಪಿನಲ್ಲಿ ಚರ್ಚಿಸಿದರೆ, ಅದು ಸಾರ್ವಜನಿಕರನ್ನು ಹೊರಗಿಟ್ಟು ನಡೆಸಿದ ಸಭೆ. ಒಬ್ಬ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಫೋನ್ ಮಾಡುತ್ತಾ ಎಂಟು ಜನಕ್ಕೆ ಮುಟ್ಟಿಸಿದರೂ ಅಷ್ಟೇ. ಅದಕ್ಕೆ ಸರಣಿ ಸಭೆ ಎನ್ನುತ್ತಾರೆ. 'ಹೊರಗೆ ಮಾತಾಡಿ ಒಮ್ಮತಕ್ಕೆ ಬಂದು, ಒಳಗೆ ಕೈ ಎತ್ತುವ' ನಮ್ಮ ಸಂಘ ಸಂಸ್ಥೆಗಳ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಭೆಯ ಸಮಯ, ಕೋಣೆ ತಿಳಿಸಲು ಗ್ರೂಪ್ ಇಟ್ಟುಕೊಳ್ಳಿ, ಅಭಿಪ್ರಾಯಕ್ಕೆ ಬೇಡ.

ಸಭೆ ನಡೆಯುವುದು ಸಾಮಾನ್ಯವಾಗಿ ರಾಬರ್ಟ್ಸ್ ರೂಲ್ಸ್ ಎಂಬ ಸಭಾ ನಿಯಮಗಳ ಪ್ರಕಾರ. ಒಬ್ಬರು ಪ್ರಸ್ತಾವ ಮಂಡಿಸಬೇಕು, ಇನ್ನೊಬ್ಬರು 'ಸೆಕೆಂಡ್' ಅನ್ನಬೇಕು, ಆಮೇಲೆ ಚರ್ಚೆ, ತಿದ್ದುಪಡಿ, ಮತ. ಎರಡು ಸಭೆ ಹಿಂದೆ ಕುಳಿತು ನೋಡಿದರೆ ಕೈಗೆ ಹತ್ತುತ್ತದೆ. ಕೋರಂ ಇಲ್ಲದಿದ್ದರೆ ಎಷ್ಟು ಒಳ್ಳೆಯ ಭಾಷಣ ಮಾಡಿದರೂ ನಿರ್ಣಯವಾಗದು. ಸೆನೆಟರ್ ಒಬ್ಬ ಮಾಡಬಹುದಾದ ಅತಿ ಉಪಯುಕ್ತ ಕೆಲಸ ಸಮಯಕ್ಕೆ ಸರಿಯಾಗಿ ಬಂದು ಕೂರುವುದು ಎಂದರೆ ತಮಾಷೆಯಲ್ಲ.

ಪದಾಧಿಕಾರಿ ಚುನಾವಣೆಗೆ ನಿಲ್ಲಲು ರಾಜ್ಯದ ಶಿಕ್ಷಣ ಸಂಹಿತೆ ಕೇಳುವುದು ಕಡಿಮೆ: ಕನಿಷ್ಠ 5 ಸೆಮಿಸ್ಟರ್ ಯೂನಿಟ್ (ಯೂನಿಟ್ ಎಂದರೆ ಕೋರ್ಸಿನ ಕ್ರೆಡಿಟ್) ಓದುತ್ತಿರಬೇಕು, ಕಾಲೇಜು ನಿಗದಿ ಮಾಡಿದ ಅಂಕದ ಮಟ್ಟ ಕಾಯ್ದುಕೊಳ್ಳಬೇಕು. ಚುನಾವಣೆ ಸಾಮಾನ್ಯವಾಗಿ ವಸಂತದಲ್ಲಿ, ಅಧಿಕಾರ ಬೇಸಿಗೆಯಿಂದ. ಆದರೆ ವರ್ಷದ ನಡುವೆ ಖಾಲಿಯಾಗುವ ಸ್ಥಾನಗಳನ್ನು ಅನೇಕ ಕಾಲೇಜುಗಳಲ್ಲಿ ನೇಮಕದಿಂದ ತುಂಬುತ್ತಾರೆ. ಹೊಸಬರಿಗೆ ಹತ್ತಿರದ ದಾರಿ ಅದೇ.

ಹಣದ ವಿಷಯಕ್ಕೆ ಬಂದರೆ, ಸಂಘದ ಹಣ ಖರ್ಚಾಗುವ ಮೊದಲು ಪ್ರತಿ ಸಲವೂ ಮೂವರ ಒಪ್ಪಿಗೆ ಬೇಕು: ಆಡಳಿತ ಮಂಡಳಿ ನೇಮಿಸಿದ ಅಧಿಕಾರಿ, ಸಂಘದ ಸಲಹೆಗಾರರು, ವಿದ್ಯಾರ್ಥಿ ಪ್ರತಿನಿಧಿ. 'ಮೊದಲು' ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಸ್ವಂತ ಕಾರ್ಡಿನಲ್ಲಿ 200 ಡಾಲರಿನ ಸಾಮಾನು ತಂದು, ಆಮೇಲೆ ರಸೀದಿ ಕೊಟ್ಟು ಹಣ ಕೇಳುವವರಿಗೆ ಸಿಗುವುದು ಬರೀ ರಸೀದಿ.

ಸೆನೆಟ್ಟಿಗಿಂತ ಬೆಲೆಬಾಳುವ ಜಾಗ ಒಂದಿದೆ, ಅದಕ್ಕೆ ನೂಕುನುಗ್ಗಲೂ ಕಡಿಮೆ: ಕಾಲೇಜಿನ ಸಮಿತಿಗಳು. 1988ರಲ್ಲಿ ರಾಜ್ಯ ಶಾಸಕಾಂಗ ಅಂಗೀಕರಿಸಿದ ಕಾನೂನಿನ ನಂತರ ಆಡಳಿತದಲ್ಲಿ ವಿದ್ಯಾರ್ಥಿಗಳಿಗೂ ಪಾಲು ಬಂತು. ಅಂಕ ನೀಡುವ ನೀತಿ, ಪಠ್ಯಕ್ರಮ, ಶಿಸ್ತು ನಿಯಮ, ಶುಲ್ಕ, ಬಜೆಟ್ ರೂಪಿಸುವ ಕ್ರಮ ಸೇರಿ ಹತ್ತು ವಿಷಯಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳದೆ ಮಂಡಳಿ ಸಾಮಾನ್ಯವಾಗಿ ಮುಂದುವರಿಯುವಂತಿಲ್ಲ. ಪಠ್ಯಕ್ರಮ ಸಮಿತಿಯಲ್ಲಿ ಒಂದು ವರ್ಷ ಕುಳಿತರೆ ಒಂದು ಕೋರ್ಸು ಹುಟ್ಟುವುದು, ಸಾಯುವುದು ಹೇಗೆಂದು ತಿಳಿಯುತ್ತದೆ. ಇಂಥ ಸ್ಥಾನಕ್ಕೆ ಹೆಸರು ಸೂಚಿಸುವುದು ವಿದ್ಯಾರ್ಥಿ ಸಂಘವೇ. ಅಲ್ಲಿ ಹೋಗಿ ಕೇಳಿ.

ಫೈ ಥೀಟಾ ಕಾಪಾ ಎಂಬ 1918ರಿಂದಿರುವ ಗೌರವ ಸಂಘದಿಂದ ಆಹ್ವಾನ ಬಂದರೆ ಬೀಗಬೇಡಿ. ಅಗತ್ಯವಿದ್ದಷ್ಟು ಯೂನಿಟ್ಟು ಮತ್ತು ಜಿಪಿಎ, ಸಾಮಾನ್ಯವಾಗಿ 12 ಮತ್ತು 3.5, ಇದ್ದವರಿಗೆಲ್ಲ ಅದು ಬರುತ್ತದೆ. ಸದಸ್ಯತ್ವಕ್ಕಿಂತ ಅದರ ಶಾಖೆಯಲ್ಲಿ ಮಾಡುವ ಕೆಲಸಕ್ಕೆ ತೂಕ.

ವೀಸಾ ಮಾತು ಕೊನೆಗೆ ಬಂದರೂ ಮೊದಲು ಓದಬೇಕಾದ್ದು. ಎಫ್‌-1ನಲ್ಲಿರುವವರು ಟರ್ಮಿಗೆ 12 ಯೂನಿಟ್ ಇಟ್ಟುಕೊಳ್ಳಬೇಕು. ಚುನಾವಣೆ ಕೆಲಸ ಜಾಸ್ತಿಯೆಂದು ಅಂತರರಾಷ್ಟ್ರೀಯ ಕಚೇರಿಯಲ್ಲಿ ವಿದ್ಯಾರ್ಥಿ ವೀಸಾ ನೋಡಿಕೊಳ್ಳುವ ಅಧಿಕಾರಿಯ (ಡಿ.ಎಸ್.ಓ.) ಅನುಮತಿಯಿಲ್ಲದೆ ಒಂದು ಕೋರ್ಸು ಬಿಟ್ಟು 12ಕ್ಕಿಂತ ಕೆಳಗಿಳಿದರೆ ಸ್ಟೇಟಸ್ಸೇ ಹೋಗುತ್ತದೆ. ಸಭೆಯ ವೇಳೆಗೆ ಅಡ್ಡವೆಂದು ತರಗತಿಗಳನ್ನೆಲ್ಲ ಆನ್‌ಲೈನಿಗೆ ಬದಲಿಸಿಕೊಳ್ಳುವುದೂ ಬಲೆಯೇ. ಪೂರ್ಣಾವಧಿಯ ಲೆಕ್ಕಕ್ಕೆ ಒಂದು ಟರ್ಮಿನಲ್ಲಿ ಒಂದೇ ಆನ್‌ಲೈನ್ ತರಗತಿ ಅಥವಾ 3 ಕ್ರೆಡಿಟ್ ಹಿಡಿಯುತ್ತದೆ. ಕ್ಯಾಂಪಸ್ ಕೆಲಸ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ. ಎಚ್‌-4ರವರು ಓದಬಹುದು, ಪಾರ್ಟ್ ಟೈಮ್ ಕೂಡ. ಕೆಲಸದ ಪರವಾನಗಿ ಇಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ಕೆಲವು ಕಾಲೇಜುಗಳಲ್ಲಿ ಪದಾಧಿಕಾರಿಗಳಿಗೆ ಗೌರವಧನ ಉಂಟು. ಅದನ್ನು ಒಪ್ಪಿ ಸಹಿ ಹಾಕುವ ಮೊದಲು ಎಫ್‌-1ನವರು ಡಿ.ಎಸ್.ಓ. ಹತ್ತಿರ, ಎಚ್‌-4ರವರು ವಲಸೆ ವಕೀಲರ ಹತ್ತಿರ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆಯಿರಿ.

ಇಷ್ಟೆಲ್ಲ ಮಾಡಿದ್ದನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಯಲ್ಲಿ ಕಾಣಿಸಬೇಕಲ್ಲ. ಅರ್ಜಿ ಕೇಳುವುದು ಚಟುವಟಿಕೆಯ ಹೆಸರಿನ ಜೊತೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು. ಬರೆಯಬೇಕಾದ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ನಾಯಕತ್ವದ ಪ್ರಶ್ನೆ ಆರಿಸಿಕೊಳ್ಳಬಹುದು, ಮಿತಿ 350 ಪದ. ಅಷ್ಟರಲ್ಲಿ 'ನಾನು ಅಧ್ಯಕ್ಷನಾಗಿದ್ದೆ' ಎಂಬುದಕ್ಕೆ ಒಂದು ಸಾಲು ಸಾಕು. ಉಳಿದದ್ದು ಏನು ಕೆಟ್ಟಿತ್ತು, ಯಾವ ನಿರ್ಣಯ ತಂದಿರಿ, ಎಷ್ಟು ಮತ ಬಿತ್ತು, ಆಮೇಲೆ ಏನು ಬದಲಾಯಿತು ಎಂಬುದಕ್ಕೆ. ಒಂದು ವರ್ಷದ ಮೇಲೆ ಇವೆಲ್ಲ ನೆನಪಿರುವುದಿಲ್ಲ. ಮೊದಲ ಸಭೆಯ ದಿನದಿಂದಲೇ ದಿನಾಂಕ, ಗಂಟೆ, ಮಾಡಿದ ಕೆಲಸ ಎಂದು ಮೂರು ಕಾಲಮ್ಮಿನ ಶೀಟ್ ಇಡಿ, ನಡಾವಳಿಯ ಪ್ರತಿಗಳನ್ನು ಅದರ ಜೊತೆಗೇ ಸೇರಿಸಿಕೊಳ್ಳುತ್ತಾ ಹೋಗಿ.