ಪಟ್ಟಕ್ಕೆ ಸ್ಪರ್ಧಿಸಲು ಬಿಡದ ಬಾಕ್ಸರ್

ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಾದ ಮೇಲೆ ಅಪ್ಪ ಕೆಲವು ದಿನ ಮುಖ ಕೆಳಗೆ ಮಾಡಿಕೊಂಡೇ ಮಲಗಿರಬೇಕೆಂದು ವೈದ್ಯರು ಹೇಳಿದ್ದರು. ಪತ್ರಿಕೆ, ಟಿ.ವಿ. ಯಾವುದೂ ಇಲ್ಲದೆ ಹಗಲು ಕಳೆಯುವುದು ಅವರಿಗೆ ಬಹಳ ಕಷ್ಟವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಹಾಸಿಗೆಯ ಪಕ್ಕದಲ್ಲಿ ಕುಳಿತು, ಆಗ ಓದುತ್ತಿದ್ದ ಕಪ್ಪು ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್‌ನ ಬದುಕನ್ನು ಅವರಿಗೆ ಹೇಳಲು ತೊಡಗಿದೆ. ಸೈನ್ಯದಲ್ಲಿದ್ದಾಗ ಅಪ್ಪ ಬಾಕ್ಸಿಂಗ್ ಮಾಡಿದವರು. ಜೋ ಲೂಯಿ, ಮಹಮ್ಮದ್ ಅಲಿಯವರ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಈ ಹೆಸರನ್ನು ಮಾತ್ರ ಕೇಳಿರಲಿಲ್ಲ.

ಅವರ ಮೊದಲ ಪ್ರಶ್ನೆಯೇ, “ತೂಕ ಎಷ್ಟು?” ಎಂಬುದಾಗಿತ್ತು. ಲ್ಯಾಂಗ್‌ಫರ್ಡ್‌ನ ವಿಷಯದಲ್ಲಿ ಕೇಳಬೇಕಾದದ್ದೂ ಅದನ್ನೇ. ಕೆನಡಾದ ನೋವಾ ಸ್ಕೋಷಿಯಾದ ವೇಮತ್ ಫಾಲ್ಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಾಸ್ಟನ್ ಸೇರಿದ ಅವನ ಎತ್ತರ ಸುಮಾರು ಐದು ಅಡಿ ಏಳು ಅಂಗುಲ ಮಾತ್ರ. ಔಷಧದ ಅಂಗಡಿಯ ಜೊತೆಗೆ ಬಾಕ್ಸಿಂಗ್ ಕ್ಲಬ್ಬನ್ನೂ ನಡೆಸುತ್ತಿದ್ದ ಜೋ ವುಡ್‌ಮನ್ ಅವನನ್ನು ಗುರುತಿಸಿ ರಿಂಗಿಗೆ ಇಳಿಸಿದ. ವೃತ್ತಿಗೆ ಬಂದು ಎರಡು ವರ್ಷ ತುಂಬುವ ಮೊದಲೇ, 1903ರ ಡಿಸೆಂಬರ್‌ನಲ್ಲಿ, ಅವನು ಹಗುರ ತೂಕದ ವರ್ಗವಾದ ಲೈಟ್‌ವೇಟ್‌ನ ವಿಶ್ವ ಚಾಂಪಿಯನ್ ಜೋ ಗ್ಯಾನ್ಸ್‌ನನ್ನು 15 ಸುತ್ತುಗಳ ಪಂದ್ಯದಲ್ಲಿ ಸೋಲಿಸಿದ. ಆದರೆ ಲ್ಯಾಂಗ್‌ಫರ್ಡ್‌ನ ತೂಕ ಆ ವರ್ಗದ ಮಿತಿಗಿಂತ ಹೆಚ್ಚಿದ್ದುದರಿಂದ ಪಟ್ಟ ಪಣಕ್ಕಿರಲಿಲ್ಲ. ಮರುವರ್ಷ ಅದಕ್ಕಿಂತ ಮೇಲಿನ ತೂಕದ ವರ್ಗವಾದ ವೆಲ್ಟರ್‌ವೇಟ್‌ನ ಚಾಂಪಿಯನ್ ಜೋ ವಾಲ್ಕಾಟ್‌ನೊಂದಿಗಿನ ಪಂದ್ಯ ಡ್ರಾ ಆಯಿತು. ಬಾಕ್ಸರನ ಜೀವನದಲ್ಲಿ ತೂಕದ ತಕ್ಕಡಿ ಎಷ್ಟು ನಿರ್ದಯಿ ಎಂಬುದನ್ನು ಅನುಭವಿಸಿದ್ದ ಅಪ್ಪ ಇಷ್ಟು ಕೇಳಿ ಉಸಿರೆಳೆದುಕೊಂಡರು.

1906ರಲ್ಲಿ ಲ್ಯಾಂಗ್‌ಫರ್ಡ್ ತನಗಿಂತ ಹನ್ನೆರಡು ಕಿಲೋಗೂ ಹೆಚ್ಚು ತೂಗುತ್ತಿದ್ದ ಜಾಕ್ ಜಾನ್ಸನ್‌ನ ಎದುರು 15 ಸುತ್ತು ಕಾದಾಡಿ ಸೋತ. ಎರಡು ವರ್ಷದ ಬಳಿಕ ಸಿಡ್ನಿಯಲ್ಲಿ ಜಾನ್ಸನ್ ಅತಿ ಭಾರದ ವರ್ಗವಾದ ಹೆವಿವೇಟ್‌ನ ವಿಶ್ವ ಪಟ್ಟವನ್ನೇರಿದ ಮೊದಲ ಕಪ್ಪು ಬಾಕ್ಸರ್ ಆದ. ಅಷ್ಟರಲ್ಲಿ ಲ್ಯಾಂಗ್‌ಫರ್ಡ್ ಮೈ ತುಂಬಿಕೊಂಡು ಹೆವಿವೇಟ್‌ಗಳನ್ನು ಒಬ್ಬೊಬ್ಬರನ್ನಾಗಿ ಉರುಳಿಸುತ್ತಿದ್ದರೂ, ಜಾನ್ಸನ್ ಚಾಂಪಿಯನ್ ಆಗಿದ್ದಷ್ಟು ಕಾಲವೂ ಅವನಿಗೆ ಪಟ್ಟದ ಪಂದ್ಯ ಕೊಡಲಿಲ್ಲ. 1913ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿಗೆ ಇಬ್ಬರು ಕಪ್ಪು ಬಾಕ್ಸರ್‌ಗಳು ಆ ಪಟ್ಟಕ್ಕಾಗಿ ಎದುರುಬದುರಾದಾಗಲೂ ಜಾನ್ಸನ್ ಎದುರಿಗಿದ್ದವನು ಲ್ಯಾಂಗ್‌ಫರ್ಡ್ ಅಲ್ಲ, ಜಿಮ್ ಜಾನ್ಸನ್. ಬಿಳಿಯ ಎದುರಾಳಿಗಳ ಪಂದ್ಯದಿಂದ ಹೆಚ್ಚು ಹಣ ಬರುತ್ತಿತ್ತೆಂಬುದು ನಿಜ. ಆದರೂ, ವರ್ಣಭೇದದ ಬಾಗಿಲಲ್ಲಿ ತಾನೇ ವರ್ಷಗಟ್ಟಲೆ ಕಾದಿದ್ದವನು ಒಳಗೆ ಹೋದ ಮೇಲೆ ಅದನ್ನು ಮುಚ್ಚಿದ್ದನ್ನು ನಾನು ಇಂದಿಗೂ ಕ್ಷಮಿಸಲಾರೆ. ಅಪ್ಪನಿಗೆ ನನ್ನಷ್ಟು ಸಿಟ್ಟು ಬರಲಿಲ್ಲ. “ಯಾರಿಂದ ಸೋಲಬಹುದು ಅನ್ನೋದು ಚಾಂಪಿಯನ್‌ಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತೆ ಮಗಳೇ,” ಎಂದಷ್ಟೇ ಹೇಳಿದರು. 1915ರಲ್ಲಿ ಜಾಕ್ ಜಾನ್ಸನ್ ಸೋತ ಬಳಿಕ ಜೋ ಲೂಯಿ ಬರುವವರೆಗೆ, ಅಂದರೆ 1937ರವರೆಗೆ, ಯಾವ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟಕ್ಕೆ ಸ್ಪರ್ಧಿಸುವ ಅವಕಾಶವೇ ದೊರೆಯಲಿಲ್ಲ.

ಹೀಗಾಗಿ ಲ್ಯಾಂಗ್‌ಫರ್ಡ್‌ಗೆ ಉಳಿದದ್ದು ತನ್ನಂತೆಯೇ ಹೊರಗಿಡಲ್ಪಟ್ಟ ಹ್ಯಾರಿ ವಿಲ್ಸ್, ಜೋ ಜೆನೆಟ್, ಸ್ಯಾಮ್ ಮೆಕ್‌ವೀಯಂಥ ಸಮರ್ಥರೊಂದಿಗೆ ಮತ್ತೆ ಮತ್ತೆ ಕಾದಾಡುವುದು. ಕಪ್ಪು ಜನರಿಗೆಂದೇ ಬೇರೆಯಾಗಿಟ್ಟಿದ್ದ ಹೆವಿವೇಟ್ ಪಟ್ಟವನ್ನು ಅವನು ಹಲವು ಬಾರಿ ಗೆದ್ದ. ವಿಲ್ಸ್ ಒಬ್ಬನೊಂದಿಗೇ ಹದಿನೈದಕ್ಕೂ ಹೆಚ್ಚು ಪಂದ್ಯಗಳಾದುವು ಎಂದಾಗ ಅಪ್ಪ ತಲೆಯೆತ್ತಲು ಹೋದರು, ನಾನು ತಡೆದೆ. ಒಬ್ಬನೊಂದಿಗೇ ಹಲವು ಸಲ ಆಡಿದರೆ ನಮ್ಮ ಪ್ರತಿಯೊಂದು ಪಟ್ಟೂ ಅವನಿಗೆ ಬಾಯಿಪಾಠವಾಗಿರುತ್ತದೆ, ಪ್ರತಿ ಸಲವೂ ಹೊಸತೇನನ್ನಾದರೂ ಕಲಿತೇ ರಿಂಗಿಗೆ ಇಳಿಯಬೇಕಾಗುತ್ತದೆ ಎಂದು ಅವರು ವಿವರಿಸಿದರು. ಪುಟಗಟ್ಟಲೆ ಓದಿದ್ದರೂ ಆ ಸಂಖ್ಯೆಯ ಹಿಂದಿನ ಶ್ರಮ ನನಗೆ ಅರ್ಥವಾದದ್ದು ಆಗಲೇ.

1944ರಲ್ಲಿ ಪತ್ರಕರ್ತ ಆಲ್ ಲೇನಿ ಹುಡುಕಿಕೊಂಡು ಹೋದಾಗ ಲ್ಯಾಂಗ್‌ಫರ್ಡ್ ನ್ಯೂಯಾರ್ಕ್‌ನ ಹಾರ್ಲೆಮ್‌ನ ಒಂದು ಕೋಣೆಯಲ್ಲಿ, ಪೂರ್ತಿ ಕುರುಡನಾಗಿ, ಬಡವನಾಗಿ ಬದುಕುತ್ತಿದ್ದ. ಲೇನಿಯ ಲೇಖನ ಓದಿದ ಜನ ಹಣ ಕೂಡಿಸಿ ಅವನ ಜೀವನಕ್ಕೆ ಆಧಾರ ಮಾಡಿಕೊಟ್ಟರು. 1956ರ ಜನವರಿಯಲ್ಲಿ ಅವನು ತೀರಿಕೊಂಡ. ಲ್ಯಾಂಗ್‌ಫರ್ಡ್‌ನ ಬಗ್ಗೆ ಬರೆಯುವವರಲ್ಲಿ ಬಹಳಷ್ಟು ಜನ ಈ ಕೋಣೆಯಲ್ಲಿಯೇ ನಿಂತುಬಿಡುತ್ತಾರೆ. ಅಪ್ಪ ನಿಲ್ಲಲಿಲ್ಲ. “ಕಣ್ಣು ಹೋಗಿದ್ದು ಯಾವಾಗ? ಆಮೇಲೂ ಆಡಿದನಾ?” ಎಂದು ಕೇಳಿದರು.

ಆಡಿದ್ದ. 1917ರಲ್ಲಿ ಫ್ರೆಡ್ ಫುಲ್ಟನ್ ಎದುರಿನ ಪಂದ್ಯದಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡು, ಇನ್ನೊಂದು ಕಣ್ಣೂ ಮಂಜಾಗುತ್ತಿದ್ದರೂ, ಮತ್ತೆ ಹಲವು ವರ್ಷ ಅವನು ರಿಂಗಿನಲ್ಲಿದ್ದ. ಕಾಣದೆ ಹೊಡೆಯುವುದು ಹೇಗೆ ಎಂದು ನಾನು ಕೇಳಿದಾಗ ಅಪ್ಪ ಮಲಗಿದ್ದಲ್ಲಿಂದಲೇ ತಮ್ಮ ಭುಜವನ್ನು ನನ್ನ ತೋಳಿಗೆ ಒತ್ತಿ ತೋರಿಸಿದರು: ಹತ್ತಿರಕ್ಕೆ ನುಗ್ಗಿ ಮೈಗೆ ಮೈ ತಾಗಿಸಿಕೊಂಡರೆ, ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಪಕ್ಕೆ ಎಲ್ಲಿದೆ, ಗಲ್ಲ ಎಲ್ಲಿರಬಹುದು ಎಂಬುದೆಲ್ಲ ಭುಜಕ್ಕೇ ತಿಳಿಯುತ್ತದೆ, ದೂರದಿಂದ ಜ್ಯಾಬ್ (ತೋಳು ಚಾಚಿ ನೇರ ಹೊಡೆತ) ಮಾಡುವವನಿಗೆ ಕಣ್ಣು ಬೇಕು, ಒಳಗಿನಿಂದ ಹುಕ್ (ತೋಳು ಬಾಗಿಸಿ ಪಕ್ಕದಿಂದ ಹೊಡೆತ) ಹೊಡೆಯುವವನಿಗೆ ಅಷ್ಟು ಬೇಡ. ನಾನು 1922ರ ಅಟ್ಲಾಂಟಾ ಪಂದ್ಯದ ವಿವರವನ್ನು ಓದಿದೆ. ಬಹುಮಟ್ಟಿಗೆ ಕುರುಡನಾಗಿದ್ದ ಲ್ಯಾಂಗ್‌ಫರ್ಡ್ ಅಲ್ಲಿ ಟೈಗರ್ ಫ್ಲವರ್ಸ್ ಎಂಬ ತರುಣನನ್ನು ಎರಡನೆಯ ಸುತ್ತಿನಲ್ಲಿ ನಾಕೌಟ್ ಮಾಡಿದ. ಅದೇ ಫ್ಲವರ್ಸ್ 1926ರಲ್ಲಿ ಹ್ಯಾರಿ ಗ್ರೆಬ್‌ನನ್ನು ಸೋಲಿಸಿ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದ.