ಕಡ್ಲೆ, ಬೆಲ್ಲ ಮತ್ತು ಅಮ್ಮನ ಕಿವಿ ಮಷೀನು

ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿಗೆ ತೂಗುಹಾಕಿದ ಚೀಲದೊಳಗೆ ಹಾಲು ಬೀಳುವ ಸದ್ದಾಗುತ್ತದೆ. ಆ ಸದ್ದಿಗೆ ನಮ್ಮ ಬೆಲ್ಲ ಎದ್ದು ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಚೀಲದಿಂದ ಅರ್ಧ ಲೀಟರಿನ ನಂದಿನಿ ನೀಲಿ ಪ್ಯಾಕೆಟ್ ತೆಗೆದು ಅವಳ ಮೂತಿಯ ಮುಂದೆ ಹಿಡಿದರೆ, ಅಡ್ಡಡ್ಡವಾಗಿ ಕಚ್ಚಿಕೊಂಡು, ತಲೆ ಎತ್ತಿಕೊಂಡು, ಹಾಲ್ ದಾಟಿ ಅಡುಗೆಮನೆಗೆ ಹೋಗುತ್ತಾಳೆ. ಅಲ್ಲಿ ಅಮ್ಮ ಬಗ್ಗಿ, ಅಂಗೈ ಚಾಚಿ, "ಕೊಡು ಬೆಲ್ಲಮ್ಮ" ಅಂದರೆ ಆ ಅಂಗೈ ಮೇಲೆ ಪ್ಯಾಕೆಟ್ ಇಡುತ್ತಾಳೆ. ಎಂಟು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಇವತ್ತಿನವರೆಗೆ ಒಂದು ಪ್ಯಾಕೆಟ್ಟೂ ತೂತಾಗಿಲ್ಲ. ಅಮ್ಮ ಪ್ಯಾಕೆಟ್ಟನ್ನು ನಲ್ಲಿ ಕೆಳಗೆ ತೊಳೆದು, ಸೆರಗಿನಲ್ಲೇ ಒರೆಸಿ, ಮೂಲೆ ಕತ್ತರಿಸಿ ಕಾಫಿಗೆ ಹಾಲಿಡುತ್ತಾಳೆ.

ಗೋಲ್ಡನ್ ರಿಟ್ರೀವರ್‌ಗಳ ಬಾಯಿ ಇರುವುದೇ ಹಾಗೆ. ಬೇಟೆಗಾರ ಹೊಡೆದು ಕೆಡವಿದ ಹಕ್ಕಿಯನ್ನು ನೀರಿನಿಂದ, ಪೊದೆಯಿಂದ ಹುಡುಕಿ, ಹಲ್ಲು ನಾಟದಂತೆ ತಂದುಕೊಡಲೆಂದೇ ಈ ತಳಿಯನ್ನು ಬೆಳೆಸಿದ್ದು. ಸ್ಕಾಟ್ಲೆಂಡಿನ ಗೀಶಕನ್ ಎಸ್ಟೇಟಿನಲ್ಲಿ, ಮುಂದೆ ಲಾರ್ಡ್ ಟ್ವೀಡ್‌ಮೌತ್ ಅಂತ ಹೆಸರಾದ ಜಮೀನ್ದಾರ, ನೌಸ್ ಅನ್ನುವ ಹಳದಿ ಗಂಡು ನಾಯಿಗೂ ಬೆಲ್ ಅನ್ನುವ ನೀರು ಸ್ಪ್ಯಾನಿಯಲ್ ಹೆಣ್ಣಿಗೂ ಜೋಡಿ ಮಾಡಿಸಿದ. 1868ರಲ್ಲಿ ಹುಟ್ಟಿದ ಆ ಮರಿಗಳಿಂದ ಈ ವಂಶ ಶುರುವಾಯಿತು. ಮೂಲ ತಾಯಿಯ ಹೆಸರು ಬೆಲ್ ಅಂತ ನನಗೆ ಗೊತ್ತಾದದ್ದು ನಮ್ಮವಳಿಗೆ ಬೆಲ್ಲ ಅಂತ ಹೆಸರಿಟ್ಟು ಎಷ್ಟೋ ವರ್ಷ ಆದಮೇಲೆ. ಅಮ್ಮ ಆ ಹೆಸರಿಟ್ಟಿದ್ದು ಬಣ್ಣ ನೋಡಿ, ಅಷ್ಟೇ. ಆದರೂ ಈ ಹೋಲಿಕೆ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಎರಡನೆಯವನು ಕಡ್ಲೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತಿದ್ದ ವಾರವೇ ಮನೆಗೆ ಬಂದ. ಮನೆತುಂಬ ಹಸಿ ಕಡಲೆಕಾಯಿ ಬೇಯಿಸಿದ ವಾಸನೆ, ಜೊತೆಗೆ ಆಗಲೇ ಒಂದು ಬೆಲ್ಲ ಇದ್ದಾಳೆ. ಬೇರೆ ಹೆಸರು ಹುಡುಕುವ ಪ್ರಮೇಯವೇ ಬರಲಿಲ್ಲ.

ಮನೆಗೆ ಯಾರೇ ಬರಲಿ, ಕಡ್ಲೆ ಬರಿಬಾಯಲ್ಲಿ ಎದುರುಗೊಳ್ಳುವುದಿಲ್ಲ. ಕಾಲಿಂಗ್ ಬೆಲ್ ಆದ ತಕ್ಷಣ ಮನೆಯೆಲ್ಲ ಓಡಾಡಿ ಏನಾದರೂ ಹುಡುಕುತ್ತಾನೆ. ಚಪ್ಪಲಿ, ಕಾಲುಚೀಲ, ಬಾಗಿಲೊರೆಸುವ ಬಟ್ಟೆ, ಒಮ್ಮೆ ತೆಂಗಿನಕಾಯಿ ಚಿಪ್ಪು. ಅದನ್ನು ಕಚ್ಚಿಕೊಂಡು, ಇಡೀ ಸೊಂಟ ಅಲ್ಲಾಡಿಸುತ್ತ ಬಂದವರ ಮುಂದೆ ನಿಲ್ಲುತ್ತಾನೆ. ಗ್ಯಾಸ್ ಸಿಲಿಂಡರ್ ತರುವವರು "ಏನಪ್ಪಾ, ಇವತ್ತು ಏನು ತಂದೆ?" ಅಂತ ಕೇಳಿಯೇ ಒಳಗೆ ಬರುವುದು. ಬೆಲ್ಲಳದು ಇನ್ನೊಂದು ರೀತಿ. ನೀವು ನಿಂತಿದ್ದರೆ ನಿಮ್ಮ ಪಾದದ ಮೇಲೆ ಬಂದು ಕೂರುತ್ತಾಳೆ, ಮೂವತ್ತು ಕೆಜಿ ಭಾರ ಪೂರ್ತಿ ಬಿಟ್ಟು. ಒಲೆ ಮುಂದೆ ಅಮ್ಮ ನಿಂತಿರುವಷ್ಟು ಹೊತ್ತೂ ಅಮ್ಮನ ಎಡಗಾಲು ಅವಳದೇ. ಇನ್ನು ಕೂದಲಿನ ವಿಷಯ. ಇವಕ್ಕೆ ಮೇಲೊಂದು ಉದ್ದ ಕೂದಲಿನ ಪದರ, ಅದರ ಕೆಳಗೆ ಹತ್ತಿಯಂಥ ಇನ್ನೊಂದು. ಆ ಹತ್ತಿ ಉದುರುವ ಕಾಲದಲ್ಲಿ ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬೆಳಿಗ್ಗೆ ಗುಡಿಸಿದ್ದು ಸಂಜೆಗೆ ಮತ್ತೆ ಉಂಡೆ ಉಂಡೆಯಾಗಿ ಉರುಳುತ್ತಿರುತ್ತದೆ. ಸೆಖೆಗೆ ಬೋಳಿಸಿಬಿಡಿ ಅಂತ ಬಂದವರೆಲ್ಲ ಹೇಳುತ್ತಾರೆ. ಬೋಳಿಸಬಾರದು. ಬಿಸಿಲಿನ ಕಾವು ಚರ್ಮಕ್ಕೆ ನೇರ ತಾಗದಂತೆ ತಡೆಯುವುದೇ ಆ ಕೂದಲು. ದಿನಾ ಬಾಚುತ್ತೇನೆ, ಅಷ್ಟೇ.

ನಾನು ಹೇಳಹೊರಟಿದ್ದು ಹೋದ ವರ್ಷದ ರಾಮನವಮಿ ದಿನದ್ದು.

ಅಮ್ಮನಿಗೆ ಈಗ ಎಪ್ಪತ್ನಾಲ್ಕು. ಲಂಗ ಹಾಕುವ ವಯಸ್ಸಿನಿಂದ ತಾತನ ಕೈ ಹಿಡಿದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ರಾಮನವಮಿ ಕಚೇರಿ ಕೇಳಲು ಹೋದವಳು. ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಶುರುಮಾಡಿದ ಆ ಉತ್ಸವ ಪ್ರತಿವರ್ಷ ಸುಮಾರು ಒಂದು ತಿಂಗಳು ನಡೆಯುತ್ತದೆ. ಕಿವಿ ಮಂದವಾಗುತ್ತ ಬಂದಾಗ ಅಮ್ಮ ಮೊದಲು ಹೇಳಿದ್ದು, "ಮೃದಂಗ ಕೇಳುತ್ತೆ ಕಣೇ, ಪಿಟೀಲು ಕೇಳ್ತಾ ಇಲ್ಲ" ಅಂತ. ಆಮೇಲೆ ಎರಡು ವರ್ಷ ಮೈದಾನದ ಕಡೆ ಹೋಗಲೇ ಇಲ್ಲ. ದೀಪಾವಳಿ ಹೊತ್ತಿಗೆ ಕಿವಿಯ ಹಿಂದೆ ಕೂರುವ ಮಷೀನು ಕೊಡಿಸಿದೆವು. ಗೋಡಂಬಿಯಷ್ಟು ದೊಡ್ಡದು, ಹೆಚ್ಚುಕಮ್ಮಿ ಗೋಡಂಬಿಯದೇ ಆಕಾರ. ಆ ದಿನ ಸಂಜೆ ಮಷೀನು ಹಾಕಿಕೊಂಡು ಮೊದಲ ಕಚೇರಿಗೆ ಹೋಗುವುದಿತ್ತು. ಸೀರೆ ಕೂಡ ಮಂಚದ ಮೇಲೆ ತೆಗೆದಿಟ್ಟಾಗಿತ್ತು.

ಬೆಳಗಿನಿಂದ ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೆಲಸ. ಈಳಿಗೆ ಮಣೆ ಮುಂದೆ ಸೌತೆಕಾಯಿ ಹಿಡಿದು ಕೂತರೆ ಇಬ್ಬರೂ ಎಲ್ಲಿದ್ದರೂ ಬಂದು ಎರಡು ಪಕ್ಕ ಕೂರುತ್ತಾರೆ. ತುದಿಗಳು ಅವರ ಪಾಲು. ಊಟ ಮುಗಿದು ಅಮ್ಮ ಮಷೀನು ತೆಗೆದು ಕಿಟಕಿ ಕಟ್ಟೆ ಮೇಲಿಟ್ಟು ಒಂದು ಗಳಿಗೆ ಮಲಗಿದಳು. ತೆಗೆದಿಟ್ಟಾಗ ಬ್ಯಾಟರಿಯ ಪುಟ್ಟ ಬಾಗಿಲು ತೆರೆದಿಡಿ, ಆಗಲೇ ಅದು ಆಫ್ ಆಗುವುದು ಅಂತ ಮಷೀನು ಕೊಟ್ಟವರು ಹೇಳಿದ್ದರು. ಹಬ್ಬದ ಆಯಾಸದಲ್ಲಿ ಅದು ಮರೆತಿತ್ತು.

ಮೂರೂವರೆಗೆ ಎದ್ದು ನೋಡಿದರೆ ಕಟ್ಟೆ ಖಾಲಿ.

ಮೊದಲು ದಿಂಬಿನ ಕೆಳಗೆ, ಮಂಚದ ಕೆಳಗೆ, ಸೀರೆ ಮಡಿಕೆಯಲ್ಲಿ ಹುಡುಕಿದೆವು. ಕಿಟಕಿ ಕಟ್ಟೆಯ ಅಂಚಿನಲ್ಲಿ ಹೊಂಬಣ್ಣದ ಎರಡು ಕೂದಲು ಕಂಡಾಗ ನನ್ನ ಎದೆ ಧಸಕ್ಕೆಂದಿತು. ಮಷೀನು ಹೋದರೆ ದುಡ್ಡು ಹೋದೀತು, ಆದರೆ ಅದರೊಳಗೆ ಬಟನ್ ಬ್ಯಾಟರಿ ಇದೆ. ನಮ್ಮ ಪಶುವೈದ್ಯರಿಗೆ ಫೋನ್ ಮಾಡಿದೆ. "ನುಂಗಿದ್ದರೆ ಅನ್ನನಾಳ ಸುಟ್ಟುಹೋಗಬಹುದಮ್ಮ, ವಾಂತಿ ಮಾತ್ರ ಮಾಡಿಸಬೇಡಿ, ತಕ್ಷಣ ಎಕ್ಸ್‌ರೇಗೆ ಕರ್ಕೊಂಡು ಬನ್ನಿ" ಅಂದರು. ಕೈ ನಡುಗುತ್ತ ಕಾರಿನ ಕೀ ಹುಡುಕತೊಡಗಿದೆ.

ಅಷ್ಟರಲ್ಲಿ ಮಗ ವರಾಂಡದಿಂದ ಕೂಗಿದ. "ಅಮ್ಮಾ, ಕಡ್ಲೆ ಯಾಕೋ ಕುಂಯ್‌ಗುಡ್ತಾ ಇದಾನೆ."

ಹೋಗಿ ನೋಡಿದೆ. ಬೆಲ್ಲ ತಂಪು ನೆಲಕ್ಕೆ ಹೊಟ್ಟೆ ಹಚ್ಚಿ, ಹಿಂಗಾಲು ಕಪ್ಪೆಯ ಹಾಗೆ ಹಿಂದಕ್ಕೆ ಚಾಚಿ, ನಾಲಿಗೆ ಮೊಳದುದ್ದ ಬಿಟ್ಟು ತೇಕುತ್ತಿದ್ದಳು. ಕಡ್ಲೆ ಮೂಲೆಯಲ್ಲಿ ನೆಟ್ಟಗೆ ಕೂತಿದ್ದ. ಬಾಯಿ ಮುಚ್ಚಿತ್ತು. ನಾಯಿಗಳು ಮೈ ತಂಪು ಮಾಡಿಕೊಳ್ಳುವುದೇ ತೇಕಿ. ಬೇಸಿಗೆಯ ಮಧ್ಯಾಹ್ನ, ಅಷ್ಟು ಕೂದಲು ಹೊತ್ತ ನಾಯಿ ಬಾಯಿ ಬಿಗಿದು ಮೂಗಿನಲ್ಲೇ ಉಸಿರಾಡುತ್ತಿದೆ ಅಂದರೆ ಸುಮ್ಮನೆ ಅಲ್ಲ. ತುಟಿಯ ಒಂದು ಪಕ್ಕ ಚೂರು ಉಬ್ಬಿತ್ತು. ಆ ಸಣ್ಣ "ಕುಂಯ್" ಬರುತ್ತಿದ್ದದ್ದು ಅವನ ಗಂಟಲಿನಿಂದ ಅಲ್ಲ. ಮಷೀನನ್ನು ಮುಷ್ಟಿಯಲ್ಲಿ ಹಿಡಿದರೆ ಶಿಳ್ಳೆ ಹಾಕುತ್ತದೆ. ಅವನ ಬಾಯೊಳಗೂ ಅದೇ ಶಿಳ್ಳೆ. ಪ್ರಾಯಶಃ ಕಟ್ಟೆಯ ಮೇಲೆ ಅವನನ್ನು ಕರೆದದ್ದೂ ಆ ಸದ್ದೇ, ಜೊತೆಗೆ ಅಮ್ಮನ ಕಿವಿಯ ವಾಸನೆ.

ಮಗ ಮುಂದೆ ನುಗ್ಗಿದ. ತೋಳು ಹಿಡಿದು ನಿಲ್ಲಿಸಿದೆ. ಅಟ್ಟಿಸಿಕೊಂಡು ಹೋದರೆ ಆಟ ಅಂದುಕೊಂಡು ಓಡುತ್ತಾನೆ, ಬಾಯಿಗೆ ಕೈ ಹಾಕಿದರೆ ಗಾಬರಿಯಲ್ಲಿ ನುಂಗಿಬಿಟ್ಟಾನು. ಬೇರೆ ದಿನವಾದರೆ ಸೌತೆಕಾಯಿ ಚೂರು ತೋರಿಸುತ್ತಿದ್ದೆ. ಆದರೆ ಒಂದಕ್ಕೆ ಬಾಯಿ ತೆರೆಯುವ ಭರದಲ್ಲಿ ಇನ್ನೊಂದು ಒಳಗೆ ಜಾರಿದರೆ? ಏನು ಮಾಡಲಿ ಅಂತ ತೋಚದೆ ನಿಂತೆ.

ಅಮ್ಮ ನಮ್ಮಿಬ್ಬರನ್ನೂ ಸರಿಸಿ ಮುಂದೆ ಬಂದಳು. ಮಂಡಿ ನೋವಿನವಳು, ಕಂಬ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತಳು. ಅಂಗೈ ಚಾಚಿದಳು. "ಕೊಡು" ಅಂದಳು.

ಕಡ್ಲೆ ಅಲ್ಲಾಡಲಿಲ್ಲ. ಎದ್ದು ಬಂದಿದ್ದು ಬೆಲ್ಲ. ಬೆಳಿಗ್ಗೆ ಹಾಲಿನ ಹೊತ್ತಿನಲ್ಲಿ ಕೂರುವ ಹಾಗೆಯೇ ಅಮ್ಮನ ಪಕ್ಕ ಬಂದು ಕೂತು, ಆ ಖಾಲಿ ಅಂಗೈಗೆ ತನ್ನ ಗದ್ದ ಊರಿದಳು. ಅವಳ ಬಾಯಲ್ಲಿ ಕೊಡಲು ಏನೂ ಇರಲಿಲ್ಲ, ಪಾಪ. ಅಮ್ಮ ಅವಳ ತಲೆ ಸವರಿ, ಕೈಯನ್ನು ಕಡ್ಲೆಯ ಕಡೆ ತಿರುಗಿಸಿದಳು. "ಕೊಡು ಪುಟ್ಟ." ಮಷೀನು ಶಿಳ್ಳೆ ಹಾಕುತ್ತಲೇ ಇತ್ತು. ಅದು ನಮಗೆ ಕೇಳುತ್ತಿತ್ತು, ನಾಯಿಗಳಿಗೆ ಕೇಳುತ್ತಿತ್ತು, ಒಂದು ಮೊಳ ದೂರದಲ್ಲಿ ಕೂತ ಅಮ್ಮನಿಗೆ ಮಾತ್ರ ಕೇಳುತ್ತಿರಲಿಲ್ಲ. ಅವಳು ಅವನ ಕಣ್ಣು ನೋಡುತ್ತಿದ್ದಳು. ಕಡ್ಲೆ ಬೆಲ್ಲಳನ್ನು ನೋಡಿದ, ಅಂಗೈ ನೋಡಿದ. ಕತ್ತು ಬಗ್ಗಿಸಿ, ತುಟಿ ಸಡಿಲಿಸಿ, ಜೊಲ್ಲಿನಲ್ಲಿ ತೊಯ್ದ ಮಷೀನನ್ನು ಅಂಗೈ ನಡುವೆ ಇಟ್ಟ. ಇಟ್ಟವನೇ ಬಾಯಿ ಅಗಲಿಸಿ ತೇಕತೊಡಗಿದ.

ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟು ತೆಳುವಾದ ಆ ಪ್ಲಾಸ್ಟಿಕ್ ನಳಿಕೆ ಬಾಗಿರಲಿಲ್ಲ. ಬ್ಯಾಟರಿ ಬಾಗಿಲು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಒಂದು ಹಲ್ಲಿನ ಗುರುತಿರಲಿಲ್ಲ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಕಡ್ಲೆಯ ಕತ್ತು ತಬ್ಬಿಕೊಂಡು ಅತ್ತೆ. ಅವನು ನನ್ನ ಕಿವಿ ನೆಕ್ಕುತ್ತಿದ್ದ.

ಬ್ಯಾಟರಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮಷೀನಿನ ಜೊತೆ ಬಂದಿದ್ದ ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಕಿಟ್ಟೆವು. ರಾತ್ರಿಯೆಲ್ಲ ಒಣಗಲೇಬೇಕು. ಕಚೇರಿ ತಪ್ಪಿತು. ನನಗೆ ತುಂಬ ಸಂಕಟವಾಯಿತು. ಅಮ್ಮ ಸೀರೆ ಮಡಿಚಿ ಬೀರುವಿಗೆ ಇಡುತ್ತ, "ಇನ್ನೂ ತಿಂಗಳು ನಡೆಯುತ್ತೆ ಬಿಡೇ. ಇವನ ಹೊಟ್ಟೆಗೆ ಹೋಗಿದ್ದಿದ್ರೆ?" ಅಂದಳು. ಅವತ್ತೇ ಕಿಟಕಿ ಕಟ್ಟೆಯಿಂದ ಮಷೀನಿನ ಜಾಗ ದೇವರ ಗೂಡಿನ ಮೇಲಿನ ಹಲಗೆಗೆ ಬದಲಾಯಿತು.

ರಾತ್ರಿ ಅಮ್ಮನ ಕೋಣೆಗೆ ನೀರಿನ ಚೊಂಬು ಇಡಲು ಹೋದೆ. ದೀಪ ಆರಿತ್ತು. ನಾನು ಬಾಗಿಲಲ್ಲಿ ನಿಂತ ಕೂಡಲೇ ಮಂಚದ ಕೆಳಗಿದ್ದ ಬೆಲ್ಲ ಬಾಲ ಆಡಿಸಿದಳು. ಬಾಲ ಮಂಚದ ಕಾಲಿಗೆ ಬಡಿದು ಟಪ್, ಟಪ್, ಟಪ್. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಕಿವಿಯಲ್ಲಿ ಮಷೀನು ಇರಲಿಲ್ಲ. ಹಾಗೇ ಮಲಗಿಕೊಂಡೇ ಕೇಳಿದಳು:

"ಯಾರೇ ಬಂದಿದ್ದು? ಮಂಚ ಅಲ್ಲಾಡ್ತಾ ಇದೆ."